ಗಂಗುಲಪ್ಪನ ಅರೆಮಾಗಿದ ಗೊಬ್ಬರ

ಸುಗಟೂರಿನ ಗಂಗುಲಪ್ಪ ಗೊಬ್ಬರದ ಗುಂಡಿಗೆ ಕೈ ಇಳಿಸಿದರೆ ಮೊಳಕೈ ಮುಳುಗುವವರೆಗೂ ಇಳಿಸುತ್ತಾನೆ. ಒಳಗೆ ಬಿಸಿ ತಾಗಿದರೆ ಕೈ ಎಳೆದುಕೊಂಡು, ಮೇಲೆ ಮಣ್ಣು ಮೆತ್ತಿ, "ಇನ್ನೂ ಕುದೀತಾ ಐತೆ" ಎಂದು ಎದ್ದುಬಿಡುತ್ತಾನೆ. ತಣ್ಣಗಿದ್ದರೆ ಒಂದು ಹಿಡಿ ಮೇಲಕ್ಕೆ ತಂದು, ಮೂಗಿಗೆ ಹಿಡಿದು, ಮುಷ್ಟಿ ಕಟ್ಟಿ ಬಿಡಿಸಿ ನೋಡುತ್ತಾನೆ. ಉಂಡೆ ಮೆಲ್ಲಗೆ ಬಿರಿದು ಉದುರಬೇಕು. ಅಂಟಿಕೊಂಡರೆ ಹಸಿ, ಹಿಟ್ಟಿನ ಹಾಗೆ ಹಾರಿದರೆ ಜೀವ ಹೋದದ್ದು. ಈ ಪರೀಕ್ಷೆಯನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಮಣ್ಣಿನ ವಿದ್ಯೆ ಬಲ್ಲವರು ಅಂತ ಪೇಟೆಯಿಂದ ಬಂದವರ ಮಾತನ್ನು ನಾನು ಕೇಳಿದ್ದೇನೆ, ಅವರು ಹಂಚಿದ ಕಾಗದಗಳನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ್ದೇನೆ. ಗಂಗುಲಪ್ಪನ ಮೊಳಕೈಗೆ ತಿಳಿಯುವಷ್ಟು ಅವುಗಳಲ್ಲಿ ಇರಲಿಲ್ಲ. ಹಾಗೆಂದು ಅವನು ತಪ್ಪೇ ಮಾಡದವನಲ್ಲ. ಹೋದ ಮಾರ್ಗಶಿರದಲ್ಲಿ ಮಾಡಿದ ಒಂದು ತಪ್ಪು ಹತ್ತು ದಿನ ಅವನನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ.

ಅವನಿಗೀಗ ಅರವತ್ತನಾಲ್ಕು. ಹರೆಯದಲ್ಲಿ ಗೋದಾಮಿನಲ್ಲಿ ಸರ್ಕಾರಿ ಗೊಬ್ಬರದ ಮೂಟೆ ಹೊತ್ತವನು. ಉಪ್ಪಿನ ಹಾಗೆ ಬೆಳ್ಳಗಿರುವ ಆ ಗೊಬ್ಬರ ಬೆವರಿಗೆ ಕರಗಿ ಹೆಗಲಿನ ಚರ್ಮ ಕೀಳುತ್ತಿತ್ತು. ಹೆಂಡತಿ ರಾಮಲಕ್ಷ್ಮಮ್ಮ ಹರಳೆಣ್ಣೆ ಹಚ್ಚುತ್ತಾ ಒಂದು ದಿನ, "ನಿನ್ನ ಹೆಗಲನ್ನೇ ಸುಡೋದು ಗಿಡದ ಬೇರನ್ನ ಬಿಡ್ತದಾ?" ಎಂದು ಕೇಳಿದಳಂತೆ. ಗಂಗುಲಪ್ಪ ಮೂಟೆ ಬಿಟ್ಟಿದ್ದು ಆ ಮಾತಿಗಲ್ಲ, ಸೊಂಟ ಹಿಡಿದುಕೊಂಡದ್ದಕ್ಕೆ. ಜನರಿಗೆ ಹೇಳುವಾಗ ಮಾತ್ರ ಹೆಂಡತಿಯ ಮಾತನ್ನೇ ಹೇಳುತ್ತಾನೆ.

ನಮ್ಮ ಕಡೆ ಹಿಪ್ಪುನೇರಳೆ ಇಲ್ಲದ ಹೊಲ ಕಡಿಮೆ. ರೇಷ್ಮೆ ಹುಳು ಸೊಪ್ಪು ತಿಂದು ಹಾಕುವ ಕರಿ ಸಾಸಿವೆಯಂಥ ಹಿಕ್ಕೆ, ತಿಂದು ಬಿಟ್ಟ ಕಡ್ಡಿ, ಒಣಗಿದ ಎಲೆ ಎಲ್ಲ ಮೊದಲು ತಿಪ್ಪೆ ಸೇರುತ್ತಿತ್ತು. ಗಂಗುಲಪ್ಪ ಅದನ್ನು ಮನೆಮನೆಯಿಂದ ಹೊತ್ತು ತಂದ. ಒಂದು ಪದರ ಹಿಕ್ಕೆ, ಒಂದು ಪದರ ಸಗಣಿ, ಅದರ ಮೇಲೆ ಕೆರೆಯ ಗೋಡುಮಣ್ಣು, ಒಲೆಯ ಬೂದಿ, ಕುಟ್ಟಿದ ಹೊಂಗೆ ಹಿಂಡಿ. ವಾರಕ್ಕೊಂದು ಸಲ ಹುಳಿಮಜ್ಜಿಗೆಗೆ ಬೆಲ್ಲ ಕದಡಿ ಚಿಮುಕಿಸುತ್ತಾನೆ. ಮೂರು ತಿಂಗಳು ಮುಚ್ಚಿಟ್ಟು, ನಡುವೆ ಎರಡು ಸಲ ತಿರುವಿ ಹಾಕಿದರೆ ಕಾಫಿಪುಡಿಯಂಥ ಗೊಬ್ಬರ. ಕೋಲಾರದಲ್ಲಿ ಮಹಡಿಯ ಮೇಲೆ ಕುಂಡ ಸಾಲಾಗಿ ಇಟ್ಟುಕೊಂಡವರು ಅವನನ್ನು ಫೋನ್ ಮಾಡಿ ಕರೆಯುತ್ತಾರೆ. ಹೋದ ಮನೆಯಲ್ಲೆಲ್ಲ ಅವನದೊಂದು ಪಾಠ ಇದ್ದೇ ಇರುತ್ತದೆ: "ಅಕ್ಕಿ ತೊಳೆದ ನೀರು ಮೋರಿಗೆ ಚೆಲ್ಲಬೇಡಿ, ಒಂದು ದಿನ ಇಟ್ಟು ಗುಲಾಬಿಗೆ ಹಾಕಿ. ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಬುಡಕ್ಕೆ ಹಾಕಿ. ಟೀ ಸೊಪ್ಪು ಹಾಕೋದಾದ್ರೆ ಸಕ್ಕರೆ ತೊಳೆದು ಹಾಕಿ, ಇಲ್ಲಾಂದ್ರೆ ಇರುವೆಗೆ ಊಟ ಹಾಕ್ದಂಗಾಗ್ತದೆ." ಹಸಿ ಗೊಬ್ಬರ ಕೇಳಿದವರಿಗೆ, "ಮೂರು ತಿಂಗಳು ತಡೀರಿ, ಹೆರೋವರೆಗೂ ಕಾಯಲ್ವಾ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅಂಥವನು ಮಾತು ತಪ್ಪಿದ್ದು ಗಂಗಾಲಕ್ಷ್ಮಿಯ ಎದುರು.

ಗಂಗಾಲಕ್ಷ್ಮಿ ನಮ್ಮೂರಿನ ಪಡುವಣ ಅಂಚಿನ ಹೆಣ್ಣುಮಗಳು, ನಲವತ್ತರ ಆಸುಪಾಸು. ಗಂಡ ನಂದೀಶ್ ವೇಮಗಲ್ಲಿನ ಕಾರ್ಖಾನೆಗೆ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಹಿಪ್ಪುನೇರಳೆ, ಹುಳುಮನೆ, ಹಿತ್ತಲಿನ ಕೈತೋಟ ಮೂರೂ ಅವಳದೇ. ಹುಳುಮನೆಯ ಕಿಟಕಿಯ ಕೆಳಗೇ ಕೈತೋಟ: ಕನಕಾಂಬರ, ದಾಸವಾಳ, ಎರಡು ಸಾಲು ಬದನೆ, ಚಪ್ಪರಕ್ಕೆ ಹಬ್ಬಿದ ಹೀರೆ. ಹಿಂದಿನ ಎರಡು ಬೆಳೆ ಅವಳಿಗೆ ಸರಿಯಾಗಿ ಗೂಡು ಕಟ್ಟಿರಲಿಲ್ಲ. ನಂದೀಶ್ ಬೇಸತ್ತು, "ಈ ಬೆಳೆಯೂ ಹೋಯ್ತು ಅಂದ್ರೆ ಹಿಪ್ಪುನೇರಳೆ ಬುಡಸಮೇತ ಕೀಳಿಸಿ ನೀಲಗಿರಿ ಹಾಕ್ತೀನಿ" ಎಂದು ಊರ ಮುಂದೆಯೇ ಹೇಳಿದ್ದ. ಅದು ಅವಳು ಮದುವೆಯಾಗಿ ಬಂದ ವರ್ಷ ತನ್ನ ಕೈಯಾರೆ ಕಡ್ಡಿ ನೆಟ್ಟ ತೋಟ. ಹಾಗಾಗಿ ಈ ಸಲದ ನೂರೈವತ್ತು ಮೊಟ್ಟೆಯ ಹುಳುವನ್ನು ಅವಳು ಮಗು ಸಾಕಿದ ಹಾಗೆ ಸಾಕುತ್ತಿದ್ದಳು. ಒಂದು ಚಿಟ್ಟೆ ಇಟ್ಟ ನಾನೂರು ಐನೂರು ತತ್ತಿಗೆ ನಮ್ಮವರು ಒಂದು ಮೊಟ್ಟೆ ಅನ್ನುವುದು.

ಒಂದು ಸೋಮವಾರ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಅವಳ ಬಾಯಿಗೆ ಗಂಗುಲಪ್ಪ ಸಿಕ್ಕಿಬಿದ್ದ.

"ಮಾವ, ನನ್ನ ಕನಕಾಂಬರ ಅರಿಶಿನ ಬಳ್ಕೊಂಡಂಗೆ ಆಗವೆ. ನಿನ್ನ ಗೊಬ್ಬರ ನಮ್ಮಂತೋರ ಗಿಡಕ್ಕೆ ಹಾಕಿದ್ರೆ ಮೈಲಿಗೆ ಆಗ್ತದಾ? ಕೋಲಾರದ ಮಹಡಿ ಗಿಡಕ್ಕೇ ಬೇಕಾ?"

"ಮಾಗಿರೋದು ಖಾಲಿ ಆಗೈತೆ ಕಣಮ್ಮ. ಸಂಕ್ರಾಂತಿ ಆದ್ಮೇಲೆ ಕೊಡ್ತೀನಿ."

"ಸಂಕ್ರಾಂತಿಗೆ ಗಿಡ ಎಲ್ಲಿರ್ತದೆ? ಒಣಗಿದ ಕಡ್ಡೀನ ಒಲೆಗೆ ಹಾಕೋಕೆ ನಿನ್ನ ಗೊಬ್ಬರ ಬೇಕಾ? ಬಿಡು, ಅಂಗಡೀಲಿ ಬಿಳೀದು ಸಿಗ್ತದೆ."

ಬಿಳಿಯದು ಅಂದ ತಕ್ಷಣ ಗಂಗುಲಪ್ಪನ ಹಳೆಯ ಹೆಗಲು ಉರಿದಿರಬೇಕು. "ಎಂಟು ದಿನದಲ್ಲಿ ಹಸಿರು ಮಾಡಿ ತೋರಿಸ್ಲಿಲ್ಲ ಅಂದ್ರೆ ನನ್ನ ಹೆಸರು ಗಂಗುಲಪ್ಪ ಅಲ್ಲ" ಎಂದುಬಿಟ್ಟ. ಬಸ್ಸಿಗೆ ನಿಂತವರೆಲ್ಲ ಕೇಳಿಸಿಕೊಂಡರು. ಆ ಸೋಮವಾರವೇ ಇಪ್ಪತ್ತೆರಡು ದಿನದ ಗುಂಡಿ ತೆಗೆದ. ಕೈ ಇಳಿಸಿದಾಗ ಬಿಸಿ ತಾಗಿತ್ತು. ತಾಗಿದ್ದು ಗೊತ್ತಿದ್ದೂ ಆರು ಬುಟ್ಟಿ ಹೊತ್ತು ಅವಳ ಕೈತೋಟಕ್ಕೆ ಹರಡಿ ಬಂದ. ಜೊತೆಗೆ ಒಂದು ಬಿಂದಿಗೆ ಹಿಕ್ಕೆ ನೆನೆಸಿದ ನೀರನ್ನೂ ಬುಡಕ್ಕೆ ಹೊಯ್ದ. ನಾಲ್ಕೇ ದಿನಕ್ಕೆ ಕನಕಾಂಬರದ ಚಿಗುರು ಹಸಿರಾಯಿತು. ಗಂಗುಲಪ್ಪ ಶುಕ್ರವಾರ ಬಸ್ ನಿಲ್ದಾಣದಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿದ್ದನ್ನು ನಾನೇ ನೋಡಿದ್ದೇನೆ.

ಶನಿವಾರ ಬೆಳಿಗ್ಗೆ ಮಂಜು ಹರಿಯುವ ಮುಂಚೆ ಅವನು ಮೊಪೆಡ್ ಏರಿ ವೇಮಗಲ್ ದಾರಿಯ ಚನ್ನರಾಯಪ್ಪನ ಹೊಲಕ್ಕೆ ಹೋದ. ಆ ಗುಂಡಿಗೆ ಹಾಕಿದ್ದ ಹಿಕ್ಕೆ ಚನ್ನರಾಯಪ್ಪ ಕೊಟ್ಟದ್ದೇ. ಹಿಂದಿನ ತಿಂಗಳು ಅವನೇ ಚೀಲಗಳಿಗೆ ತುಂಬಿ, ಬಾಯಿ ಹೊಲಿದು, ದಾರಿಗೆ ತಂದು ಇಟ್ಟಿದ್ದ. ಯಾವತ್ತೂ ಇಲ್ಲದ ಆ ಉಪಚಾರ ಏಕೆಂದು ಗಂಗುಲಪ್ಪ ಕೇಳಿರಲಿಲ್ಲ. ಉಳಿದ ರಾಶಿಯನ್ನು ತುಂಬಿಕೊಳ್ಳಲು ಈ ಸಲ ತಾನೇ ಕೈ ಹಾಕಿದಾಗ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಸೆಟೆದ ಹುಳು. ಕೆದಕಿದ. ಇನ್ನೊಂದು. ಇನ್ನೂ ನಾಲ್ಕು.

ಹುಳು ಸಾಕುವವರಿಗೆ ಅದರ ಹೆಸರು ಹೇಳಬೇಕಾಗಿಲ್ಲ. ಸುಣ್ಣಕಟ್ಟು ರೋಗ. ಚಳಿಗೆ, ಮಂಜಿಗೆ ಬರುವ ಬೂಷ್ಟು. ಸತ್ತ ಹುಳುವಿನ ಮೈಯಿಂದ ಎದ್ದ ಧೂಳು ಗಾಳಿಯಲ್ಲಿ ಹೋಗಿ ಇನ್ನೊಂದು ಮನೆಯ ಹುಳುವಿನ ಮೇಲೆ ಕೂತರೆ ಅದೂ ನಾಲ್ಕಾರು ದಿನದಲ್ಲಿ ಸೆಟೆದುಕೊಳ್ಳುತ್ತದೆ.

"ಚನ್ನರಾಯಪ್ಪ, ಇದೇನಪ್ಪ?"

"ಯಾವ್ದು?"

"ನನ್ನ ಅಂಗೈಲಿರೋದು."

"ಒಂದೆರಡು ಸಾಯ್ತವೆ ಬಿಡು. ನಿಮ್ಮನೇಲಿ ಕೋಳಿ ಸಾಯಲ್ವಾ?"

"ಎಷ್ಟು ಸತ್ವು?"

ಚನ್ನರಾಯಪ್ಪ ದನದ ಕಡೆ ತಿರುಗಿ ಹಗ್ಗ ಸರಿಮಾಡಿದ. "ಅರ್ಧ." ಗಂಟು ಬಿಗಿದು, "ಮುಕ್ಕಾಲು ಅನ್ಕೋ. ಬಾಯಿ ಬಿಡಬೇಡ ಕಣೋ ಗಂಗುಲಪ್ಪ. ಗೊತ್ತಾದ್ರೆ ನಮ್ಮ ಹೊಲದ ಬದುವಿನ ಮೇಲೂ ಯಾರೂ ನಡೆಯಲ್ಲ. ಸೊಪ್ಪು ಕೊಳ್ಳೋರೂ ಬರಲ್ಲ."

"ನಂಗೆ ಕೊಟ್ಟ ಚೀಲ?"

"ಅದೂ ಇದೇ ಬೆಳೆದು. ನೀನು ಮೂರು ತಿಂಗಳು ಕುದಿಸ್ತೀಯಲ್ಲಪ್ಪ, ಅದ್ರಲ್ಲಿ ಏನು ಉಳೀತದೆ?"

ಅವನು ಹೇಳಿದ್ದು ಸುಳ್ಳಲ್ಲ. ಮೂರು ತಿಂಗಳ ಬಿಸಿಗೆ ಆ ಬೂಷ್ಟು ಬದುಕುವುದಿಲ್ಲ. ಬೈಯಬೇಕೆಂದು ಬಾಯಿ ತೆರೆದ ಗಂಗುಲಪ್ಪನಿಗೆ ಬೈಗುಳ ತನ್ನ ಕಡೆಗೇ ತಿರುಗುವುದು ಕಂಡಿತು. ಚೀಲ ಅಲ್ಲೇ ಬಿಟ್ಟು ಮೊಪೆಡ್ ಹತ್ತಿದ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಸೋಮವಾರ ಗಂಗಾಲಕ್ಷ್ಮಿಯ ಹುಳು ಮೂರನೇ ಜ್ವರ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುವುದನ್ನು ನಮ್ಮವರು ಜ್ವರ ಅನ್ನುತ್ತಾರೆ. ಅಂದರೆ ಇವತ್ತು ನಾಲ್ಕನೆಯದಕ್ಕೆ ಕೂತಿರುತ್ತವೆ. ನಾಳೆ ಎದ್ದರೆ ಎಂಟು ದಿನ ಮೇವು, ಆಮೇಲೆ ಗೂಡು. ಅವಳು ದಿನಾ ಬೆಳಿಗ್ಗೆ ಹಿತ್ತಲು ಗುಡಿಸುತ್ತಾಳೆ. ಒಣಗಿದ ಗೊಬ್ಬರದ ಧೂಳು ಪೊರಕೆಗೆ ಎದ್ದು ಕಿಟಕಿಗೆ ಹೋಗುತ್ತದೆ. ನಾಲ್ಕು ಬೆಳಿಗ್ಗೆ ಆಗಲೇ ಕಳೆದಿದ್ದವು.

ಮನೆಗೆ ಬಂದು ಬುಟ್ಟಿ, ಸಲಿಕೆ ತೆಗೆದುಕೊಳ್ಳುವಾಗ ರಾಮಲಕ್ಷ್ಮಮ್ಮ ತಡೆದಳು. ವಿಷಯ ಕೇಳಿ, ಸಿಟ್ಟು ಬಂದಾಗ ಆಡುವ ತೆಲುಗಿಗೆ ಇಳಿದಳು. "ಪೋಯಿ ಚೆಪ್ಪೇಸಿ ರಾ." ಹೋಗಿ ಹೇಳಿ ಬಾ, ಅಷ್ಟೇ.

"ಹೇಳಿದ್ರೆ ಊರಲ್ಲಿ ನನ್ನ ಗೊಬ್ಬರ ಯಾರು ಮುಟ್ತಾರೆ? ಸುಮ್ನೆ ವಾಪಸ್ ಬಾಚ್ಕೊಂಡು ಬಂದ್ಬಿಡ್ತೀನಿ. ಹಸಿ ಐತೆ, ಬೇರು ಸುಡ್ತದೆ ಅಂದ್ರೆ ಆಯ್ತು."

"ಆಯ್ತು ಅಂತ ನೀನು ಹೇಳು. ಹುಳ ಒಪ್ಕೋಬೇಕಲ್ಲ."

ಅವನು ಹೇಳದೇ ಇರಲು ನಿರ್ಧರಿಸಿಯೇ ಹೋದದ್ದು. ಇದನ್ನು ಅವನೇ ನನ್ನ ಹತ್ತಿರ ಒಪ್ಪಿಕೊಂಡಿದ್ದಾನೆ.

ಗಂಗಾಲಕ್ಷ್ಮಿ ಹಿತ್ತಲಿನಲ್ಲಿರಲಿಲ್ಲ. ಅವಳು ಬರುವಷ್ಟರಲ್ಲಿ ಮುಗಿಸೋಣ ಎಂದು ಗಂಗುಲಪ್ಪ ಕೂತು ಬದನೆ ಸಾಲಿನಿಂದ ಬಾಚತೊಡಗಿದ. ಅರ್ಧ ಬುಟ್ಟಿ ತುಂಬುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏನ್ ಮಾವ, ಕೊಟ್ಟಿದ್ದನ್ನ ಕದ್ಕೊಂಡು ಹೋಗ್ತಿದ್ದೀಯಾ? ಕೋಲಾರದೋರು ಜಾಸ್ತಿ ಕೊಡ್ತೀನಿ ಅಂದ್ರಾ?"

"ಹಸಿ ಐತೆ ಕಣಮ್ಮ. ಬೇರು ಸುಡ್ತದೆ."

"ಸುಡೋದು ಎಲ್ಲಿ, ಕಣ್ಣು ಬಿಟ್ಟು ನೋಡು. ಇಷ್ಟು ಹಸಿರನ್ನ ನಾನು ಈ ಗಿಡದಲ್ಲಿ ನೋಡೇ ಇಲ್ಲ. ನಿನ್ನೆ ಎರಡು ಮೊಳ ಹೂವು ಕಟ್ಟಿದೀನಿ. ಇಟ್ಟುಬಿಡು ಅಲ್ಲಿ."

"ಬೇರೆ ತಂದ್ ಹಾಕ್ತೀನಿ. ಇದು ಬೇಡ."

"ಅಯ್ಯೋ, ಮೊನ್ನೆ ನೀನೇ ಹೆಸರು ಬದಲಾಯಿಸ್ಕೋತೀನಿ ಅಂದೆ. ಗೆದ್ದೋನು ಗೆದ್ದಂಗೆ ಇರು, ಮಾವ. ಏಳು, ಗುಡಿಸ್ಬೇಕು. ಹುಳ ಜ್ವರಕ್ಕೆ ಕೂತವೆ, ನನಗೆ ಮಾತಿಗೆ ಹೊತ್ತಿಲ್ಲ." ಅವಳು ಪೊರಕೆ ತೆಗೆದುಕೊಂಡು ಗುಡಿಸಲು ಬಗ್ಗಿದಳು.

ಗಂಗುಲಪ್ಪ ಎದ್ದು ಪೊರಕೆಯನ್ನೇ ಹಿಡಿದುಕೊಂಡ. ಪರಹೆಂಗಸಿನ ಕೈಯಲ್ಲಿದ್ದ ಪೊರಕೆ ಹಿಡಿಯುವವನಲ್ಲ ಅವನು. ಅವಳ ಮುಖದ ನಗು ಇಳಿಯಿತು.

"ಗುಡಿಸಬೇಡ. ಧೂಳೇಳ್ತದೆ. ಇದು ಚನ್ನರಾಯಪ್ಪನ ಮನೆ ಹಿಕ್ಕೆ. ಅವನ ಬೆಳೆ ಸುಣ್ಣಕಟ್ಟಿಗೆ ಹೋಗೈತೆ. ನನಗೆ ಇವತ್ತು ಗೊತ್ತಾಯ್ತು."

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮೂರು ತಿಂಗಳು ಕುದ್ದದ್ದಾ?"

"ಇಪ್ಪತ್ತೆರಡು ದಿನ."

ಗಂಗಾಲಕ್ಷ್ಮಿ ಹುಳುಮನೆಯ ಕಿಟಕಿಯ ಕಡೆ ನೋಡಿದಳು. ಆಮೇಲೆ ದನಿ ಏರಿಸದೆ, "ನೀನು ಇರೋ ಕಡೆಯೇ ಇರು. ಆಚೆ ಈಚೆ ಕಾಲಿಡಬೇಡ" ಎಂದು ಒಳಗೆ ಹೋಗಿ ಕಿಟಕಿ ಮುಚ್ಚಿ, ಒದ್ದೆ ಗೋಣಿತಾಟು ಇಳಿಬಿಟ್ಟು ಬಂದಳು. ಮುಂದಿನದು ಗಂಗುಲಪ್ಪನಿಗೆ ಗೊತ್ತಿದ್ದ ಕೆಲಸ. ಮೊದಲು ಗೊಬ್ಬರವನ್ನು ಬಾಚಬಾರದು, ನೆನೆಸಬೇಕು. ಇಬ್ಬರೂ ಬಿಂದಿಗೆ ಬಿಂದಿಗೆ ನೀರು ಹೊಯ್ದು ಧೂಳು ಅಡಗಿಸಿದರು. ಕೆಸರಾದ ಮೇಲೆ ಸಲಿಕೆಯಲ್ಲಿ ಕೆರೆದು, ಹೊಲದ ಆಚೆ ತುದಿಯಲ್ಲಿ ಎದೆಯುದ್ದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ. ಕನಕಾಂಬರದ ಬೇರು ಅರ್ಧಕ್ಕರ್ಧ ಕಿತ್ತುಬಂತು. ಅವಳು ಅದನ್ನೂ ತಾನೇ ಎತ್ತಿ ಗುಂಡಿಗೆ ಎಸೆದಳು. ಮಧ್ಯಾಹ್ನ ಪಾಳಿ ಮುಗಿಸಿ ಬಂದ ನಂದೀಶ್ ಎಲ್ಲ ಕೇಳಿ, ಬೇಲಿಯ ಆಚೆಯಿಂದಲೇ, "ಬೆಳೆ ಹೋದ್ರೆ ಇನ್ನೊಂದು ಗುಂಡಿ ತೋಡ್ಕೋ, ನಿನ್ನ ಅಳತೇಗೇ ತೋಡ್ಕೋ" ಎಂದ. ಗಂಗುಲಪ್ಪ ಬುಟ್ಟಿ ಎತ್ತಿಕೊಂಡು ಬಂದ.

ಭಾನುವಾರ ಹುಳು ಜ್ವರ ಎದ್ದವು. ಗಂಗಾಲಕ್ಷ್ಮಿ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಹುಳುವಿನ ಮೇಲೆಲ್ಲ ಉದುರಿಸಿದಳು, ರೋಗಕ್ಕೆ ಕೊಡುವ ಪುಡಿಯನ್ನೂ ಹಾಕಿದಳು. ಆಮೇಲೆ ಕಾಯುವುದು ಬಿಟ್ಟು ಮಾಡುವುದೇನೂ ಇರಲಿಲ್ಲ.

ಆ ವಾರ ಗಂಗುಲಪ್ಪನ ಜೊತೆ ಕೂತು ಮಾತಾಡಲು ಆಗಲಿಲ್ಲ. ಕೂತರೆ ಏಳುತ್ತಿದ್ದ. ಟೀ ತರಿಸಿದರೆ ಆರುವವರೆಗೂ ಲೋಟ ಹಿಡಿದೇ ಇರುತ್ತಿದ್ದ. ಅವಳ ಗೇಟಿನ ಒಳಗೆ ಹೋಗುವಂತಿಲ್ಲ, ಕೇಳುವಂತೆಯೂ ಇಲ್ಲ. ಹಾಗಾಗಿ ಎದುರಿನ ಹೊಂಗೆಮರದ ಕೆಳಗೆ ನಿಂತು ಹುಳುಮನೆಗೆ ಹೋಗುವ ಸೊಪ್ಪಿನ ಹೊರೆ ಎಣಿಸುತ್ತಿದ್ದ. ಹುಳು ಚೆನ್ನಾಗಿದ್ದರೆ ದಿನದಿಂದ ದಿನಕ್ಕೆ ಸೊಪ್ಪು ಏರಬೇಕು. ಮೊದಲ ದಿನ ಒಂಬತ್ತು ಹೊರೆ, ಮರುದಿನ ಹನ್ನೆರಡು. ಬುಧವಾರ ಹನ್ನೊಂದು. ಆ ಒಂದು ಹೊರೆ ಕಡಿಮೆಯಾದದ್ದಕ್ಕೆ ಅವನು ನನ್ನ ಮನೆಗೆ ಮೂರು ಸಲ ಬಂದ.

"ಕಡ್ಡಿ ದಪ್ಪ ಇದ್ದಿರಬೇಕು ಕಣಯ್ಯ. ಹೊರೆ ದೊಡ್ಡದಾಗಿರುತ್ತೆ" ಎಂದೆ.

"ದೊಡ್ಡದಾಗಿರಲಿಲ್ಲ. ನಾನು ನೋಡ್ದೆ."

"ಹಂಗಾದ್ರೆ ಹೋಗಿ ಅವಳನ್ನೇ ಕೇಳು."

"ಏನಂತ ಕೇಳಲಿ? ಎಷ್ಟು ಸತ್ವಮ್ಮ ಅಂತಾನಾ?"

ಗುರುವಾರ ಸಂಜೆ ಅವಳು ಒಂದು ಸಣ್ಣ ತಗಡಿನ ಡಬ್ಬ ಹಿಡಿದು ಹೊಲದ ತುದಿಗೆ ಹೋಗಿ ಗುದ್ದಲಿಯಿಂದ ಏನೋ ಹೂತದ್ದು ಕಂಡಿತು. ಗಂಗುಲಪ್ಪ ಅವತ್ತು ಮನೆಗೆ ಹೋಗಿ ತನ್ನ ಎರಡು ಗುಂಡಿಗಳ ಬಾಯಿ ತೆಗೆದು, ಚನ್ನರಾಯಪ್ಪನ ಹಿಕ್ಕೆ ಇದ್ದದ್ದಕ್ಕೆಲ್ಲ ಸುಣ್ಣ ಸುರಿದು ಮಣ್ಣು ಮುಚ್ಚಿದನಂತೆ. ಕೋಲಾರದಿಂದ ಫೋನ್ ಮಾಡಿದವರಿಗೆ, "ಗೊಬ್ಬರ ಇಲ್ಲ, ಹಾಳಾಯ್ತು" ಎಂದನಂತೆ. ಹಾಳಾಯ್ತು ಅಂತ ಹೇಳಿದ್ದು ಅವನ ಜೀವಮಾನದಲ್ಲೇ ಮೊದಲು. ಶುಕ್ರವಾರ ಹದಿಮೂರು ಹೊರೆ. ಶನಿವಾರ ಹದಿನೈದು. ಅವನು ನನ್ನ ಹತ್ತಿರ ಬಂದು ಹದಿನೈದು ಅಂದ, ಹೊರಟ, ಅರ್ಧ ದಾರಿಯಿಂದ ತಿರುಗಿ ಬಂದು ಮತ್ತೆ ಹದಿನೈದು ಅಂದ.

ಸೋಮವಾರ ಮಧ್ಯಾಹ್ನ ಅವಳ ಹುಳು ಹಣ್ಣಾದವು. ಹಣ್ಣಾದ ಹುಳು ಕಾಯುವುದಿಲ್ಲ. ಮೇವು ಬಿಟ್ಟು ತಲೆ ಆಡಿಸುತ್ತಾ ನೂಲು ಬಿಡಲು ಜಾಗ ಹುಡುಕುತ್ತವೆ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ಸೊಪ್ಪಿನೊಳಗೇ ನೂಲು ಕಟ್ಟಿ ಹಾಳಾಗುತ್ತವೆ. ಆ ಹೊತ್ತಿಗೆ ಕರೆದವರ ಮನೆಗೆ ಕೇರಿಯೆಲ್ಲ ಓಡಿಬರುವುದು ನಮ್ಮ ಕಡೆಯ ರೂಢಿ. ಆದರೆ ಅವತ್ತು ಅರ್ಧ ಕೇರಿ ಮಾಲೂರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿತ್ತು, ನಂದೀಶ್ ಕಾರ್ಖಾನೆಯಲ್ಲಿದ್ದ. ಒಳಗೆ ಇದ್ದದ್ದು ಮೂರು ಹೆಂಗಸರು.

ಗಂಗಾಲಕ್ಷ್ಮಿ ಗೇಟಿಗೆ ಬಂದು ರಸ್ತೆಯ ಎರಡೂ ಕಡೆ ನೋಡಿದಳು. ಹೊಂಗೆಮರದ ಕೆಳಗೆ ಇದ್ದವರು ನಾನು, ಗಂಗುಲಪ್ಪ.

"ತಾತ, ಬಾ ಒಸಿ. ಕೈ ಸಾಲ್ತಿಲ್ಲ."

ನಾನು ಎದ್ದೆ. ಗಂಗುಲಪ್ಪ ನೆಲ ನೋಡುತ್ತಾ ನಿಂತ. ಅವಳು ಹೊಸ್ತಿಲವರೆಗೆ ಹೋಗಿ ಹಿಂತಿರುಗಿದಳು.

"ಮಾವ, ನೀನೂ ಬಾ. ಬಚ್ಚಲಲ್ಲಿ ಮೈ ತೊಳ್ಕೊಂಡು ಅವರ ಲುಂಗಿ ಸುತ್ಕೋ. ಆ ಗೊಬ್ಬರದ ಪಂಚೇಲಿ ಒಳಗೆ ಕಾಲಿಟ್ರೆ ಕಾಲು ಮುರೀತೀನಿ."

ನಂದೀಶನ ಲುಂಗಿ ಅವನಿಗೆ ಹಿಮ್ಮಡಿ ದಾಟಿ ನೆಲ ಗುಡಿಸುತ್ತಿತ್ತು. ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡು ಒಳಗೆ ಬಂದ. ಅಟ್ಟಣೆಗಳ ಮೇಲೆಲ್ಲ ಹುಳು. ಬೆಳಕಿಗೆ ಹಿಡಿದರೆ ಜೇನಿನ ಹಾಗೆ ಮೈ ತಿಳಿಯಾಗಿ ಕಾಣುತ್ತಿತ್ತು. ನಾನೂ ಅರವತ್ತು ವರ್ಷದಿಂದ ಹುಳು ಕಂಡವನು, ಆ ಬೆಳೆ ಚೆನ್ನಾಗಿತ್ತು ಅಂತ ಧೈರ್ಯವಾಗಿ ಹೇಳುತ್ತೇನೆ. ಗಂಗುಲಪ್ಪನ ಒರಟು ಬೆರಳು ಅವುಗಳನ್ನು ಹಿಚುಕಿಬಿಟ್ಟೀತು ಎಂದು ಹೆಂಗಸರು ಮೊದಮೊದಲು ಕಣ್ಣಿಟ್ಟಿದ್ದರು. ಅವನು ಮೊಗ್ಗು ಬಿಡಿಸುವವನ ಹಾಗೆ ಬಿಡಿಸುತ್ತಿದ್ದ.

"ಮಾವ, ಮೊಳಕೈವರೆಗೂ ಹಾಕಬೇಡ, ಇದು ಗೊಬ್ಬರ ಅಲ್ಲ" ಎಂದು ಒಬ್ಬಳು ನಕ್ಕಳು. ಗಂಗಾಲಕ್ಷ್ಮಿ ನಗಲಿಲ್ಲ. "ಮಾತಾಡಬೇಡಿ, ಕೈ ಆಡಿಸಿ" ಎಂದಳು.

ಕಿಟಕಿಯ ಪಕ್ಕದ ಅಟ್ಟಣೆಯಲ್ಲಿ ಗಂಗುಲಪ್ಪನ ಕೈ ನಿಂತಿತು. ಸೊಪ್ಪಿನ ಅಡಿಯಿಂದ ಒಂದು ಹುಳು ತೆಗೆದ. ಮೈ ಬಿರುಸಾಗಿ, ಬೆನ್ನ ಮೇಲೆ ಬಿಳಿ ಏಳತೊಡಗಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಗಂಗಾಲಕ್ಷ್ಮಿಯ ಮುಂದೆ ಹಿಡಿದ.

ಅವಳು ಎತ್ತಿಕೊಂಡು ಸುಣ್ಣದ ಡಬ್ಬಕ್ಕೆ ಹಾಕಿದಳು. "ಆ ಅಟ್ಟಣೇಲೇ ಬರ್ತಿರೋದು. ಗುರುವಾರದಿಂದ ಮೂವತ್ತೆಂಟಾಯ್ತು. ಬೇರೆ ಕಡೆ ಒಂದೂ ಇಲ್ಲ."

"ಮೂವತ್ತೆಂಟಾ?"

"ಮೂವತ್ತೊಂಬತ್ತು. ಇದೂ ಸೇರಿ."

ಅವನು ಏನೋ ಹೇಳಲು ಹೋದ. ಅವಳು ಚಂದ್ರಿಕೆ ಎತ್ತಿ ಅವನ ಕೈಗೆ ಕೊಟ್ಟಳು. "ಹುಡುಕ್ತಾ ಇರು. ಸಿಕ್ಕಿದ್ದನ್ನ ನನಗೆ ತೋರಿಸು, ಜೇಬಿಗೆ ಹಾಕ್ಕೋಬೇಡ."

ದೀಪ ಹಚ್ಚುವ ಹೊತ್ತಿಗೆ ಅರವತ್ತು ಚಂದ್ರಿಕೆ ತುಂಬಿ ಗೋಡೆಗೆ ಒರಗಿದ್ದವು. ನಂದೀಶ್ ಪಾಳಿ ಮುಗಿಸಿ ಬಂದು, ಬಾಗಿಲಲ್ಲೇ ನಿಂತು ಒಂದೊಂದನ್ನೂ ನೋಡಿದ. ತನ್ನ ಲುಂಗಿಯಲ್ಲಿದ್ದ ಗಂಗುಲಪ್ಪನನ್ನೂ ನೋಡಿದ. ಚಪ್ಪಲಿ ಬಿಟ್ಟು ಬಂದು ತುಂಬಿದ ಚಂದ್ರಿಕೆಗಳನ್ನು ಹೊರಗಿನ ಚಪ್ಪರಕ್ಕೆ ಸಾಗಿಸತೊಡಗಿದ. ಗಂಗಾಲಕ್ಷ್ಮಿ ಕಾಫಿ ತಂದು ನಮಗೆಲ್ಲ ಕೊಟ್ಟಳು. ನಾವು ಗೋಡೆಗೆ ಒರಗಿ ಕಾಲು ಚಾಚಿದೆವು.

"ಕೂತ್ಕೋ ಮಾವ" ಎಂದಳು.

ಗಂಗುಲಪ್ಪ ಲೋಟವನ್ನು ಕಿಟಕಿಯ ಮೇಲೆ ಇಟ್ಟ. "ಆ ಕಿಟಕಿ ಪಕ್ಕದ್ದು ಇನ್ನೊಂದು ಸಲ ನೋಡ್ಬಿಡ್ತೀನಿ ಕಣಮ್ಮ" ಎಂದು, ಲುಂಗಿ ಎತ್ತಿಕೊಂಡು ಬಗ್ಗಿ, ಹುಳು ಖಾಲಿಯಾದ ಸೊಪ್ಪನ್ನು ಒಂದೊಂದೇ ಎಲೆಯಾಗಿ ಎತ್ತಿ ನೋಡತೊಡಗಿದ.